ಪಾರ್ಕಿನಲ್ಲಿ ಅವ್ವನ ಚರಗ

"ಮಣ್ಣಿಗೆ ಚೆಲ್ಲಿದ್ದು ಕಸ ಹೆಂಗ ಆಕ್ಕೈತೋ ಯಪ್ಪಾ?"

ಭಾನುವಾರದಿಂದ ಈ ಮಾತು ನನ್ನ ತಲೆಯಲ್ಲಿ ಸುತ್ತುತ್ತಿದೆ. ಪಾರ್ಕಿನ ಸೆಕ್ಯೂರಿಟಿಯವರನ್ನು ಅವ್ವ ಕೇಳಿದ ಮಾತು. ಜಗಳಕ್ಕೆ ಕೇಳಲಿಲ್ಲ. ಉತ್ತರ ಗೊತ್ತಿಲ್ಲದೆ, ತಿಳಿದುಕೊಳ್ಳೋಣ ಅಂತಲೇ ಕೇಳಿದಳು.

ಅಪ್ಪ ಹೋದ ಮೇಲೆ ಗದಗ ಜಿಲ್ಲೆಯ ರೋಣದ ಹತ್ತಿರದ ನಮ್ಮ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿದ್ದೇವೆ. ಎಳ್ಳಮವಾಸ್ಯೆ ಬಂದರೆ ಅಲ್ಲಿ ಚರಗ ಚೆಲ್ಲುವವರು, ಅಂದರೆ ಭೂಮಿತಾಯಿಗೆ ಅಂತ ಹೊಲದ ಸುತ್ತ ಅಡುಗೆ ಚೆಲ್ಲುವವರು, ಈಗ ಬೇರೆಯವರು. ಅವರೇನೋ ಪ್ರತಿ ವರ್ಷ ಅವ್ವನನ್ನು ಕರೆಯುತ್ತಾರೆ. ಆದರೆ ಮೂವತ್ತೈದು ವರ್ಷ ತಾನೇ ಬುತ್ತಿ ಹೊತ್ತು ಹೋದ ಹೊಲಕ್ಕೆ ಅತಿಥಿಯಾಗಿ ಹೋಗಲು ಅವಳಿಗೆ ಮನಸ್ಸಿಲ್ಲ. ಅದಕ್ಕೇ ಈ ಸಲ ಬೆಂಗಳೂರಿಗೆ ಬಂದಳು. ಬಂದವಳೇ ಕೇಳಿದ್ದು, "ಇಲ್ಲಿ ಎಲ್ಲ್ಯಾರ ಮಣ್ಣ ಐತೇನು?"

ಅಮಾವಾಸ್ಯೆ ದಿನ ನನಗೂ ನಮ್ಮನೆಯವರಿಗೂ ಆಫೀಸು. ಭಾನುವಾರ ಹೋಗೋಣ ಅಂದೆವು. ಲಾಲ್‌ಬಾಗ್ ಅಂದರೆ ಅವ್ವನಿಗೆ ಇಷ್ಟ. ಹಿಂದಿನ ಸಲ ಬಂದಾಗ ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿಸಿದ್ದೆ. ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂದಾಗ ಬಗ್ಗಿ ಬಂಡೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದಳು. ಆದರೆ 240 ಎಕರೆ ನಡೆಯಲು ಅವಳ ಮೊಣಕಾಲು ಈಗ ಒಪ್ಪುವುದಿಲ್ಲ. ಕಬ್ಬನ್ ಪಾರ್ಕ್‌ನಲ್ಲಿ ಭಾನುವಾರ ಒಳಗೆ ಗಾಡಿ ಬಿಡುವುದಿಲ್ಲ. ಮಕ್ಕಳನ್ನು ಕೈಬಿಟ್ಟು ಓಡಾಡಲು ಬಿಡಬಹುದು, ಅದಕ್ಕಿಂತ ದೊಡ್ಡ ಸುಖ ಈ ಊರಲ್ಲಿಲ್ಲ. ಆದರೆ ಅಲ್ಲಿಯೂ ಗೇಟಿನಿಂದ ದೂರ ನಡೀಬೇಕು. ಕೊನೆಗೆ ಮನೆ ಹತ್ತಿರದ ಪಾರ್ಕೇ ಸಾಕು ಅಂದುಕೊಂಡೆವು.

ಶನಿವಾರ ರಾತ್ರಿ ಅಡುಗೆಮನೆ ಪೂರ್ತಿ ಅವ್ವನದು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಅಗಸಿ ಚಟ್ನಿ, ಮೊಸರನ್ನ, ಶೇಂಗಾ ಹೋಳಿಗೆ. ಬದನೆಕಾಯಿ ನೋಡಿ ಮಾತ್ರ ಬೇಜಾರಾದಳು. ಇಲ್ಲಿಯದಕ್ಕೆ ಮುಳ್ಳೇ ಇಲ್ಲ, ರುಚಿ ಎಲ್ಲಿಂದ ಬರಬೇಕು ಅಂದಳು. ಪೇಪರ್ ಪ್ಲೇಟ್ ತರೋಣ್ವಾ ಅಂತ ಇವರು ಕೇಳಿದರು. ಅವ್ವ ಉತ್ತರ ಕೊಡದೆ ಆರು ಸ್ಟೀಲ್ ತಾಟು ತೊಳೆದು ಒರೆಸಿ ಚೀಲಕ್ಕೆ ಹಾಕಿದಳು. ನಾವು ಇರುವುದು ಐದು ಜನ. ಆರನೆಯದು ಯಾರಿಗೆ ಅಂತ ನಾನು ಕೇಳಲಿಲ್ಲ. ಬುತ್ತಿ ಕಟ್ಟುವಾಗ ಒಂದು ಜಾಸ್ತಿ ಇರಲೇಬೇಕು, ದಾರಿಯಲ್ಲಿ ಯಾರು ಸಿಗುತ್ತಾರೋ ಯಾರಿಗೆ ಗೊತ್ತು.

ಪಾರ್ಕಿಗೆ ಹೋದಾಗ ಹನ್ನೆರಡು ಗಂಟೆ ಆಗಿತ್ತು. ಮೊದಲೆಲ್ಲ ಈ ಹೊತ್ತಿಗೆ ಗೇಟಿಗೆ ಬೀಗ ಇರುತ್ತಿತ್ತು. ಬೆಳಗಿನ ವಾಕಿಂಗ್ ಮುಗಿದರೆ ಮುಚ್ಚಿ, ಸಂಜೆ ತೆಗೆಯುತ್ತಿದ್ದರು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಪಾರ್ಕ್‌ಗಳು ತೆರೆದಿರಬೇಕು ಅಂತ ಬಿಬಿಎಂಪಿ ಹೇಳಿದ್ದು 2024ರಲ್ಲಿ. ಆ ಸುದ್ದಿ ಓದಿದ ದಿನ ನನಗೆ ತುಂಬ ಖುಷಿಯಾಗಿತ್ತು. ವಾಕಿಂಗ್ ಮಾಡುವವರಿಗೆ ಬೆಳಿಗ್ಗೆ ಸಂಜೆ ಸಾಕು. ಮಧ್ಯಾಹ್ನದ ನೆರಳು ಬೇಕಾಗಿರುವುದು ಮಕ್ಕಳಿಗೆ, ಮುದುಕರಿಗೆ, ಬಿಸಿಲಲ್ಲಿ ಪಾರ್ಸೆಲ್ ಹೊತ್ತು ತಿರುಗುವ ಹುಡುಗರಿಗೆ.

ಜಾಗ ಹುಡುಕಿದ್ದು ಅವ್ವ. ನಾನಾಗಿದ್ದರೆ ಹೂವಿನ ಮಡಿ ಪಕ್ಕ, ಫೋಟೋ ಚೆನ್ನಾಗಿ ಬರುವ ಕಡೆ ಕೂರುತ್ತಿದ್ದೆ. ಅವಳು ಮೊದಲು ಹೊಂಗೆ ಮರ ಹುಡುಕಿದಳು. ಹೊಂಗೆ ನೆರಳು ತಾಯಿ ಮಡಿಲು ಅಂತಾರಲ್ಲ. ಬುಡದ ಮಣ್ಣು ಮುಟ್ಟಿ ಹಸಿ ಇದೆಯಾ ನೋಡಿದಳು. ಕಟ್ಟಿರುವೆ ಸಾಲು ಇಲ್ಲ ಅಂತ ಖಾತ್ರಿ ಮಾಡಿಕೊಂಡಳು. ಕೂತಲ್ಲಿಂದ ಜೋಕಾಲಿ ಕಾಣಬೇಕು, ನಲ್ಲಿ ಹತ್ತಿರ ಇರಬೇಕು, ಓಡುವ ಮೊಮ್ಮಗನಿಗೂ ರಸ್ತೆಗೂ ಮಧ್ಯೆ ಗೋಡೆ ಇರಬೇಕು. ಐದೇ ನಿಮಿಷದಲ್ಲಿ ಇಷ್ಟನ್ನೂ ನೋಡಿ ಜಮಖಾನೆ ಹಾಸಿದಳು. ಕುಟುಂಬ ಸಮೇತ ಹೋಗಲು ಒಳ್ಳೆ ಪಾರ್ಕ್ ಯಾವುದು ಅಂತ ನನ್ನನ್ನು ಯಾರಾದರೂ ಕೇಳಿದರೆ ಇನ್ನು ಮೇಲೆ ಇವನ್ನೇ ಹೇಳುತ್ತೇನೆ.

ಆಮೇಲೆ ಐದು ಕಲ್ಲು ಹುಡುಕಿ ತರಲು ಮಕ್ಕಳನ್ನು ಕಳಿಸಿದಳು. ಅವು ಪಾಂಡವರು. ಮರದ ಬುಡದಲ್ಲಿ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದಳು. ಪೈರು ತುಂಬಿ ನಿಂತ ಈ ಹೊತ್ತಿನಲ್ಲಿ ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಇರುತ್ತದೆ, ಅದಕ್ಕೇ ಮೊದಲ ತುತ್ತು ಅವಳಿಗೆ ಅಂತ ಮೊಮ್ಮಗಳಿಗೆ ಹೇಳಿದಳು. ತಾಟಿನಲ್ಲಿ ಎಲ್ಲ ಅಡುಗೆ ಒಂದೊಂದು ಚೂರು ಕಲಸಿಕೊಂಡು ಎದ್ದು, ಮರದ ಸುತ್ತ ನಾಲ್ಕೂ ದಿಕ್ಕಿಗೆ ಚಿಟಿಕೆ ಚಿಟಿಕೆಯಾಗಿ ಚೆಲ್ಲಿದಳು. ಊರಲ್ಲಿ ನಾಲ್ಕು ಎಕರೆ ಸುತ್ತಿ ಬರುತ್ತಿದ್ದವಳು ಇಲ್ಲಿ ಒಂದು ಹೊಂಗೆ ಮರ ಸುತ್ತಿದಳು.

ಅಷ್ಟರಲ್ಲಿ ಸೀಟಿ ಕೇಳಿತು.

ಐವತ್ತರ ಆಸುಪಾಸಿನ ಮನುಷ್ಯ, ದೊಗಳೆ ಯೂನಿಫಾರ್ಮು. "ಇಲ್ಲಿ ಊಟ ಮಾಡಂಗಿಲ್ಲ ಮೇಡಂ. ಕಸ ಬೇರೆ ಚೆಲ್ತಾ ಇದೀರ" ಅಂದರು. ಅವ್ವ ಅವರನ್ನೂ ಕೈಯಲ್ಲಿದ್ದ ತಾಟನ್ನೂ ನೋಡಿದಳು.

"ಮಣ್ಣಿಗೆ ಚೆಲ್ಲಿದ್ದು ಕಸ ಹೆಂಗ ಆಕ್ಕೈತೋ ಯಪ್ಪಾ?"

ಅವರು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ದನಿ ಇಳಿಸಿ, "ನಾನೂ ಒಳಗೆ ತಿನ್ನಲ್ಲ ಅಮ್ಮಾ" ಅಂದರು.

ನಮ್ಮನೆಯವರು ಬೋರ್ಡ್ ಎಲ್ಲಿದೆ ತೋರಿಸಿ ಅಂತ ಶುರು ಮಾಡಿದರು. ಬೋರ್ಡ್ ಇತ್ತು, ನಾವು ನೋಡಿರಲಿಲ್ಲ ಅಷ್ಟೇ. ಹುಲ್ಲು ತುಳಿಯಬಾರದು, ಚೆಂಡಾಟ ಆಡಬಾರದು, ಆಹಾರ ತಿನ್ನಬಾರದು. ಸುತ್ತು ಹಾಕುತ್ತಿದ್ದ ಹಿರಿಯರೊಬ್ಬರು ನಿಂತು, "ಪಾರ್ಕ್ ಅಂದ್ರೆ ಹೊಲ ಅಂದ್ಕೊಂಡುಬಿಟ್ಟಿದ್ದಾರೆ" ಅಂತ ಹೇಳಿ ಮುಂದೆ ನಡೆದರು. ನನಗೆ ಸಿಟ್ಟು ಬಂದದ್ದು ಅವರ ಮೇಲೆ. ನಿಯಮ ಹೇಳುವುದು ಸೆಕ್ಯೂರಿಟಿಯವರ ಕೆಲಸ, ಅವರು ಅದನ್ನು ಮರ್ಯಾದೆಯಿಂದಲೇ ಮಾಡಿದರು. ಈ ಹಿರಿಯರಿಗೆ ಆ ಮಾತು ಆಡುವ ಅಗತ್ಯ ಏನಿತ್ತು? ಅವ್ವ ಮಾತ್ರ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಸುಮ್ನೆ ಜಮಖಾನೆ ಮಡಚಿದಳು. ಮರದ ಬುಡದಲ್ಲಿ ಚೆಲ್ಲಿದ್ದನ್ನು ಹೆಕ್ಕಲು ಬಗ್ಗಿದಾಗ ಸೆಕ್ಯೂರಿಟಿಯವರೇ, "ಬಿಡಿ ಅಮ್ಮಾ, ನಾನು ನೋಡ್ಕೋತೀನಿ" ಅಂದರು.

ಗೇಟಿನ ಹೊರಗೆ ಫುಟ್‌ಪಾತಿನ ಕಲ್ಲಿನ ಮೇಲೆ ಸಾಲಾಗಿ ಕೂತು ಉಂಡೆವು. ಮುಂದೆ ಸ್ಕೂಟರ್, ಆಟೋ, ಹೊಗೆ. ಬೆನ್ನ ಹಿಂದೆ ಕಂಬಿಬೇಲಿ. ಅದರಾಚೆ ಹೊಂಗೆ ನೆರಳು ಖಾಲಿ ಬಿದ್ದಿತ್ತು. ಮಗ ರೊಟ್ಟಿ ಮುರಿಯುತ್ತಾ, "ಅಲ್ಲಿ ಯಾರೂ ಇಲ್ವಲ್ಲ, ಯಾಕೆ ಕೂರಬಾರದು?" ಅಂತ ಎರಡು ಸಲ ಕೇಳಿದ. ಒಂದೂವರೆಗೆ ಸೆಕ್ಯೂರಿಟಿಯವರು ಡಬ್ಬಿ ಹಿಡಿದು ಹೊರಗೆ ಬಂದರು. ನಮ್ಮಿಂದ ಹತ್ತು ಹೆಜ್ಜೆ ಆಚೆ, ಅದೇ ಕಲ್ಲಿನ ಮೇಲೆ ರಸ್ತೆಗೆ ಮುಖ ಮಾಡಿ ಕೂತರು. ಅನ್ನ, ಸಾರು. ನಮ್ಮ ಕಡೆ ನೋಡಲಿಲ್ಲ. ನಾವೂ ಮಾತಾಡಿಸಲಿಲ್ಲ.

ನಿಯಮ ಯಾಕೆ ಬಂತು ಅಂತ ನನಗೂ ಗೊತ್ತು. ಭಾನುವಾರ ಸಂಜೆ ಹೋಗಿ ನೋಡಿ. ಬರ್ತ್‌ಡೇ ಕೇಕಿನ ಡಬ್ಬ, ನೊರೆ ಸ್ಪ್ರೇ ಹೊಡೆದ ಕಲೆ, ಚಿಪ್ಸ್ ಪ್ಯಾಕೆಟ್. ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟ ನಿಷೇಧವಾಗಿದ್ದು 2016ರಲ್ಲಿ. ಆದರೂ ಪೊದೆ ಕೆದಕಿದರೆ ಸಿಗುತ್ತವೆ. ಉಳಿದ ಊಟಕ್ಕೆ ಇಲಿ ಬರುತ್ತವೆ, ನಾಯಿ ಬರುತ್ತವೆ, ಆಮೇಲೆ ಹೆದರುವುದು ಮಕ್ಕಳೇ. ಬೆಳಿಗ್ಗೆ ಗುಡಿಸುವ ಹೆಂಗಸರ ಸೊಂಟ ನೋವು ಯಾರೂ ಲೆಕ್ಕ ಇಡುವುದಿಲ್ಲ. ಇದೆಲ್ಲ ನಿಜ. ಆದರೆ ಸ್ಟೀಲ್ ತಾಟು ತಂದು, ಉಂಡು, ತೊಳೆದು ತೆಗೆದುಕೊಂಡು ಹೋಗುವ ಅವ್ವನಂಥವರೂ ಅದೇ ಬೋರ್ಡಿನ ಕೆಳಗೇ ಬರಬೇಕಾ?

ಕಸ ಹಾಕುವವರನ್ನು ತಡೆಯುವುದು ಕಷ್ಟ. ಉಣ್ಣುವವರನ್ನೇ ತಡೆಯುವುದು ಸುಲಭ. ನಾವು ಆರಿಸಿಕೊಂಡಿರುವುದು ಸುಲಭದ್ದನ್ನು. ಆ ಪಾರ್ಕಿನ ಹಿಂದಿನ ಮೂಲೆಯಲ್ಲಿ ಎಲೆಗೊಬ್ಬರದ ಗುಂಡಿ ಇದೆ. ಉದುರಿದ ಎಲೆ ಅದಕ್ಕೇ ಹೋಗುತ್ತದೆ. ಅದರ ಪಕ್ಕದ ಅಷ್ಟು ಜಾಗ ಊಟಕ್ಕೆ ಬಿಟ್ಟರೆ ಸಾಕು. ನಾಲ್ಕು ಕಲ್ಲುಬೆಂಚು, ಒಂದು ನಲ್ಲಿ, ಹಸಿ ಕಸಕ್ಕೆ ಮುಚ್ಚಳ ಇರುವ ಡಬ್ಬಿ. ತಾಟು ಮನೆಯಿಂದಲೇ ತರಬೇಕು ಅಂತ ಬೇಕಾದರೆ ಬೋರ್ಡ್ ಹಾಕಲಿ. ಮುಖ್ಯವಾಗಿ, ಇಡೀ ದಿನ ಪಾರ್ಕ್ ಕಾಯುವ ಮನುಷ್ಯ ಅದೇ ಪಾರ್ಕಿನ ನೆರಳಲ್ಲಿ ಕೂತು ಉಣ್ಣುವಂತಾಗಲಿ. "ನಾನೂ ಒಳಗೆ ತಿನ್ನಲ್ಲ ಅಮ್ಮಾ." ಮೊದಲು ಅದು ಸಮಜಾಯಿಷಿ ಅನ್ನಿಸಿತ್ತು. ಈಗ ಅದು ಅವರ ದೂರು ಅನ್ನಿಸುತ್ತಿದೆ.

ನಮ್ಮ ಕಡೆ ಉಣ್ಣಲು ಹೊರಗೆ ಹೋಗುವುದು ಹೊಸದೇನಲ್ಲ. ಸಂಕ್ರಾಂತಿಗೆ ಹೊಳೆದಂಡೆ, ಎಳ್ಳಮವಾಸ್ಯೆಗೆ ಹೊಲ, ಗದಗಿನವರಿಗೆ ಬುತ್ತಿ ಕಟ್ಟಿಕೊಂಡು ಬಿಂಕದಕಟ್ಟಿಯ ಝೂ. ಹಳೆ ಮೈಸೂರಿನವರಿಗೆ ಬೆಳದಿಂಗಳ ಊಟ, ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ವನಭೋಜನ. ಇಷ್ಟೆಲ್ಲ ಇರುವ ನಾಡಿನ ದೊಡ್ಡ ಊರಲ್ಲಿ, ಮರದ ಕೆಳಗೆ ಒಂದು ಮನೆಯವರು ಕೂತು ಉಣ್ಣಲು ಅಷ್ಟು ಜಾಗ ಇಲ್ಲ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಅವತ್ತು ರಾತ್ರಿ ಪಾತ್ರೆ ತೊಳೆಯುವಾಗ ಅವ್ವ ಆರನೆಯ ತಾಟು ಎತ್ತಿ ನೋಡಿದಳು. ಅದಕ್ಕೆ ಎಣ್ಣೆಯ ಜಿಡ್ಡೂ ತಾಗಿರಲಿಲ್ಲ.

"ಅವಂಗ ಒಂದು ಹೋಳಿಗಿ ಕೊಡಬೇಕಾಗಿತ್ತವ್ವಾ. ಬಾಜೂಕ ಕುಂತು ಉಂಡು ಬಂದ್ವಿ."

ನಾನು ಉತ್ತರ ಕೊಡಲಿಲ್ಲ. ಹತ್ತು ಹೆಜ್ಜೆ ದೂರ ಅಷ್ಟೇ. ಸೀಟಿ ಊದಿದ್ದಕ್ಕೆ ನನ್ನ ಮನಸ್ಸು ಇನ್ನೂ ಬಿಗಿಯಾಗಿತ್ತು, ಅದಕ್ಕೇ ಕರೆಯಲಿಲ್ಲ. ಅವ್ವ ಯಾಕೆ ಕರೆಯಲಿಲ್ಲ ಅಂತ ಗೊತ್ತಿಲ್ಲ. ಬಹುಶಃ ಇದು ಮಗಳ ಊರು, ಮಗಳೇ ಕರೆಯಲಿ ಅಂತ ಕಾದಳೇನೋ.

ಮಂಗಳವಾರ ರಾತ್ರಿ ಬಸ್ಸಿಗೆ ಹೊರಡುವ ಮುಂಚೆ ಮೂರು ಹೋಳಿಗೆ ಪೇಪರಲ್ಲಿ ಸುತ್ತಿ ಸಣ್ಣ ಡಬ್ಬಿಯಲ್ಲಿಟ್ಟು ಹೋದಳು. ಯಾರಿಗೆ ಅಂತ ಹೇಳಲಿಲ್ಲ. ಬುಧವಾರ ಆಫೀಸಿಗೆ ಹೋಗುವಾಗ ಪಾರ್ಕಿನ ಮುಂದೆ ಗಾಡಿ ನಿಲ್ಲಿಸಿದೆ. ಗೇಟಿನಲ್ಲಿ ಬೇರೆ ಹುಡುಗ ಇದ್ದ. "ಅವರಾ? ಶನಿವಾರ ಭಾನುವಾರ ಮಾತ್ರ ಇಲ್ಲಿ, ಬಾಕಿ ದಿನ ಬೇರೆ ಕಡೆ ಡ್ಯೂಟಿ" ಅಂದ. ಒಳಗೆ ಹೋಗಿ ಹೊಂಗೆ ಮರ ನೋಡಿದೆ. ಸುತ್ತ ಗುಡಿಸಿದ್ದರು. ಐದು ಕಲ್ಲು ಮಾತ್ರ ಕುಂಕುಮದ ಸಮೇತ ಇಟ್ಟಲ್ಲೇ ಇದ್ದವು.

ಭಾನುವಾರ ಮತ್ತೆ ಹೋಗುತ್ತೇನೆ. ಶೇಂಗಾ ಹೋಳಿಗೆ ಅಲ್ಲಿವರೆಗೆ ಕೆಡುವುದಿಲ್ಲ.