ಚಿತ್ರಗಳ ಜೊತೆ ಕಾಳಾ ಘೋಡಾಕ್ಕೆ

ಮುಂಬೈಯ ಕಾಳಾ ಘೋಡಾ ಪ್ರದೇಶದ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಚಿತ್ರ ಪ್ರದರ್ಶಿಸಲು ಅರ್ಜಿ ಹಾಕಿದವರ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಪ್ರದರ್ಶನ ನಡೆಯುವುದು ಮಾತ್ರ ಒಂದೇ ವಾರ. ಮಂಗಳವಾರದಿಂದ ಸೋಮವಾರ, ಬೆಳಿಗ್ಗೆ 11ರಿಂದ ಸಂಜೆ 7. ಹಿಂದಿನ ಕಲಾವಿದ ಸೋಮವಾರ ಸಂಜೆ ಗೋಡೆ ಖಾಲಿ ಮಾಡಿದ ಮೇಲೆ, ಮರುದಿನ ಬಾಗಿಲು ತೆರೆಯುವುದರೊಳಗೆ ನಮ್ಮ ಚಿತ್ರಗಳು ಏರಬೇಕು. ಬೆಂಗಳೂರಿನಲ್ಲಿ ಮಾಡುವ ಸಿದ್ಧತೆಯೆಲ್ಲ ಆ ಕೆಲವು ಗಂಟೆಗಳನ್ನು ಉಳಿಸಿಕೊಳ್ಳುವುದಕ್ಕೇ.

ಮೊದಲನೆಯದು ಪ್ಯಾಕಿಂಗ್. ಮೇಲ್ಮೈ ಕೈಗೆ ಅಂಟುವುದಿಲ್ಲ ಎಂದಮಾತ್ರಕ್ಕೆ ತೈಲವರ್ಣ ಒಣಗಿದೆ ಎಂದಲ್ಲ. ದಪ್ಪವಾಗಿ ಹಚ್ಚಿದ ಬಿಳಿ ತಿಂಗಳುಗಟ್ಟಲೆ ಒಳಗೆ ಮೆತ್ತಗೇ ಇರುತ್ತದೆ. ಅಕ್ರಿಲಿಕ್ ಬಣ್ಣದ ತೊಂದರೆ ಬೇರೆ. ಅದು ಬೇಗ ಒಣಗುತ್ತದೆ, ಆದರೆ ಬಿಸಿಗೆ ಮತ್ತೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಲಾರಿಯ ಟಾರ್ಪಾಲಿನಡಿ ಒಂದು ದಿನ ಕಳೆದ ಅಕ್ರಿಲಿಕ್ ಚಿತ್ರಕ್ಕೆ ಬಬಲ್ ರ್ಯಾಪ್ ನೇರವಾಗಿ ತಾಗಿದ್ದರೆ ಗುಳ್ಳೆಗಳ ಉಂಗುರಗಳು ಬಣ್ಣದ ಮೇಲೆ ಅಚ್ಚಾಗುತ್ತವೆ. ಅದನ್ನು ಒರೆಸಿ ತೆಗೆಯಲಾಗದು, ಮತ್ತೆ ಬಣ್ಣ ಹಚ್ಚುವುದೊಂದೇ ದಾರಿ. ಆದ್ದರಿಂದ ಚಿತ್ರಕ್ಕೆ ತಾಗುವಂತೆ ಗ್ಲಾಸಿನ್ ಎಂಬ ನುಣುಪು ಕಾಗದ, ಅದರ ಮೇಲೆ ರಟ್ಟು, ಹೊರಗೆ ಬಬಲ್ ರ್ಯಾಪ್, ಅದರ ಗುಳ್ಳೆಗಳು ಹೊರಮುಖವಾಗಿ. ನಾಲ್ಕು ಮೂಲೆಗೂ ಥರ್ಮೋಕೋಲ್ ತುಂಡುಗಳು. ಏಟು ಬೀಳುವುದು ಯಾವಾಗಲೂ ಮೂಲೆಗೇ.

ಪೆಟ್ಟಿಗೆಗೆ 6 ಮಿ.ಮೀ. ಪ್ಲೈವುಡ್, ಅಂಚಿಗೆ ಮರದ ರೀಪು. ಮೊಳೆ ಬೇಡ, ಸ್ಕ್ರೂ ಇರಲಿ, ಏಕೆಂದರೆ ವಾಪಸ್ಸು ಬರುವಾಗ ಇದೇ ಪೆಟ್ಟಿಗೆ ಬೇಕು. ಒಂದು ಪೆಟ್ಟಿಗೆಗೆ ಐದಾರು ಕ್ಯಾನ್ವಾಸ್ ಸಾಕು, ಅದೂ ನಿಲ್ಲಿಸಿ. ಮಲಗಿಸಿದರೆ ಕೆಳಗಿನದರ ಮೇಲೆ ಉಳಿದವುಗಳ ಭಾರ ಬಿದ್ದು, ಕ್ಯಾನ್ವಾಸ್ ಬಿಗಿದ ಮರದ ಚೌಕಟ್ಟಾದ ಸ್ಟ್ರೆಚರ್‌ನ ಅಡ್ಡಪಟ್ಟಿಯ ಗುರುತು ಮುಂದೆ ಮೂಡುತ್ತದೆ. ಇಬ್ಬರು ಎತ್ತಲಾಗದ ಪೆಟ್ಟಿಗೆಯನ್ನು ಹಮಾಲರು ಎತ್ತುವುದಿಲ್ಲ, ಉರುಳಿಸುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಪೆಟ್ಟಿಗೆ ಚಿಕ್ಕದು ಮಾಡಬೇಕು. ಜಲವರ್ಣಕ್ಕೆ ಗಾಜಿನ ಬದಲು ಪಾರದರ್ಶಕ ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆ ಹಾಕಿಸುವುದು ಜಾಣತನ. ಗಾಜೇ ಬೇಕೆಂದರೆ ಅದರ ಮೇಲೆ ಅಡ್ಡಡ್ಡ ಮಾಸ್ಕಿಂಗ್ ಟೇಪ್ ಹಚ್ಚಿ. ಒಡೆದರೂ ಚೂರುಗಳು ಕಾಗದವನ್ನು ಗೀರುವುದಿಲ್ಲ.

ತೀರಾ ದೊಡ್ಡ ಕ್ಯಾನ್ವಾಸನ್ನು ಸುತ್ತಿ ಒಯ್ಯಬಹುದು. ಬಣ್ಣದ ಮುಖ ಹೊರಗಿರಬೇಕು. ಒಳಗಿಟ್ಟು ಸುತ್ತಿದರೆ ಬಣ್ಣ ಒತ್ತಿಕೊಂಡು ಮಡಿಕೆಯಾಗಿ ಏಳುತ್ತದೆ. ಹೊರಗಿದ್ದರೆ ಸಣ್ಣ ಬಿರುಕು ಬಿಟ್ಟರೂ ಹರಡಿದಾಗ ಕೂಡಿಕೊಳ್ಳುತ್ತದೆ. ಕೊಳವೆಯ ವ್ಯಾಸ ಕನಿಷ್ಠ 6 ಇಂಚು ಇರಲಿ. ಪೋಸ್ಟರ್ ಸುತ್ತುವ ಸಪೂರ ನಳಿಕೆ ಇದಕ್ಕಲ್ಲ.

ರೈಲಿನಲ್ಲಿ ಜೊತೆಗೇ ಒಯ್ಯುವೆ ಎನ್ನುವವರು ಅಳತೆ ನೋಡಿಕೊಳ್ಳಬೇಕು. ಬೋಗಿಯೊಳಗೆ ಬಿಡುವ ಪೆಟ್ಟಿಗೆಯ ಮಿತಿ 100×60×25 ಸೆಂ.ಮೀ., ಎ.ಸಿ. ಮೂರು ಹಂತದ ಬೋಗಿಯಲ್ಲಿ ಇನ್ನೂ ಕಡಿಮೆ, 55×45×22.5. ಸ್ಲೀಪರ್‌ನಲ್ಲಿ ಉಚಿತ ತೂಕ 40 ಕೆ.ಜಿ. ಅಂದರೆ 3×4 ಅಡಿಯ ಕ್ಯಾನ್ವಾಸ್ ಬ್ರೇಕ್ ವ್ಯಾನಿಗೇ (ರೈಲಿನ ಸಾಮಾನು ಬೋಗಿಗೆ) ಹೋಗಬೇಕು. ಚಿತ್ರಗಳನ್ನು ಒಂದು ವಾರ ಮುಂಚೆ ಲಾರಿಗೆ ಹಾಕಿ, ಕಲಾವಿದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವುದು ಲೇಸು. ಜಿ.ಎಸ್.ಟಿ. ನೋಂದಣಿ ಇರುವವರಿಗೆ 2017ರ ಡಿಸೆಂಬರ್ ಸುತ್ತೋಲೆ ಅನುಕೂಲಕರವಾಗಿದೆ. ಗ್ಯಾಲರಿಗೆ ಪ್ರದರ್ಶನಕ್ಕೆ ಕಳಿಸುವ ಕೃತಿ ಮಾರಾಟವಲ್ಲ, ಕೊಳ್ಳುವವರು ಆರಿಸಿಕೊಂಡಾಗಲೇ ತೆರಿಗೆ. ದಾರಿಯಲ್ಲಿ ತೋರಿಸಲು ಡೆಲಿವರಿ ಚಲನ್ (ಸಾಗಿಸುವ ವಸ್ತುಗಳ ಪಟ್ಟಿ), ಅಗತ್ಯವಿದ್ದರೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಜೊತೆಗಿರಲಿ. ಪ್ರತಿ ಚಿತ್ರದ ಹೆಸರು, ಮಾಧ್ಯಮ, ಅಳತೆ ಚಲನ್‌ನಲ್ಲೂ ಚಿತ್ರದ ಬೆನ್ನಿಗೂ ಒಂದೇ ರೀತಿ ಬರೆದಿರಬೇಕು.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿದರೆ ಹತ್ತಿರದಲ್ಲೇ 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತದ್ದು ಇಲ್ಲೇ. ಅಲ್ಲಿಂದ ಹುತಾತ್ಮ ಚೌಕದ ಮೇಲೆ ಕಾಳಾ ಘೋಡಾಕ್ಕೆ ನಡೆದೇ ಹೋಗಬಹುದು. ‘ಕರಿ ಕುದುರೆ’ ಎಂಬ ಆ ಹೆಸರಿಗೆ ಕಾರಣವಾದ, ಕುದುರೆಯೇರಿದ ಏಳನೆಯ ಎಡ್ವರ್ಡ್‌ನ ಪ್ರತಿಮೆಯನ್ನು 1965ರಲ್ಲಿ ಮುಂಬೈಯದೇ ಭಾಯಖಳಾಕ್ಕೆ (ಬೈಕುಲ್ಲಾ) ಸಾಗಿಸಿದರು. ಈಗ ಕಾಳಾ ಘೋಡಾದಲ್ಲಿರುವುದು 2017ರಲ್ಲಿ ನಿಲ್ಲಿಸಿದ, ಸವಾರನಿಲ್ಲದ ಕುದುರೆ.

ಭಾನುವಾರವೇ ತಲುಪಿಬಿಡಿ. ಸೋಮವಾರ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ರಜೆ, ಅಂದು ನಮಗೂ ಬಿಡುವಿರುವುದಿಲ್ಲ. ಕಾವಸ್‌ಜಿ ಜಹಾಂಗೀರ್ ಸಭಾಂಗಣವನ್ನು ಒಳಗೆ ಪೂರ್ತಿ ಬದಲಿಸಿ 1996ರಲ್ಲಿ ತೆರೆದ ಗ್ಯಾಲರಿ ಅದು. ಒಂದಕ್ಕಿಂತ ಒಂದು ಮೇಲೆ ಅರ್ಧವೃತ್ತದ ಅಂತಸ್ತುಗಳು, ತುದಿಯಲ್ಲಿ ಗುಮ್ಮಟ. ಅಲ್ಲಿ ಚಿತ್ರ ನೋಡುವ ಮುಂಚೆ ಚಿತ್ರ ಗೋಡೆಯಲ್ಲಿ ಕೂತ ಬಗೆಯನ್ನು ನೋಡಬೇಕು. ಬಾಗಿದ ಗೋಡೆಗೆ ಚಪ್ಪಟೆ ಚೌಕಟ್ಟು ಎರಡು ಅಂಚಿನಲ್ಲಷ್ಟೇ ತಾಗುತ್ತದೆ, ನಡುವೆ ಸಂದು ಉಳಿಯುತ್ತದೆ. ಚಿತ್ರ ಅಗಲವಾದಷ್ಟೂ ಆ ಸಂದಿನ ನೆರಳು ದಪ್ಪ. ಎದುರಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಟಾಟಾ ಸಂಗ್ರಹದ ಯುರೋಪಿನ ತೈಲಚಿತ್ರಗಳಿವೆ. ಗಾಜು ಮತ್ತು ವಾರ್ನಿಷ್ ಬೆಳಕನ್ನು ಎಲ್ಲಿ ತಿರುಗಿ ಎಸೆಯುತ್ತವೆ, ನೋಡುವವರು ಎರಡು ಹೆಜ್ಜೆ ಎಲ್ಲಿ ಸರಿಯುತ್ತಾರೆ ಎಂಬುದನ್ನು ಅಲ್ಲಿ ನಿಂತು ಗಮನಿಸಿ. ಚಿಕಣಿ (ಮಿನಿಯೇಚರ್) ಚಿತ್ರಗಳ ಕೋಣೆ ಮಂದವಾಗಿರುವುದು ಜಿಪುಣತನವಲ್ಲ. ಕಾಗದದ ಕೃತಿಗೆ 50 ಲಕ್ಸ್ (ಬೆಳಕಿನ ಅಳತೆ) ಎಂಬುದು ಎಲ್ಲೆಡೆ ಪಾಲಿಸುವ ಮಿತಿ, ಅದನ್ನು ಮೀರಿದರೆ ಬಣ್ಣ ಬೇಗ ಮಾಸುತ್ತದೆ. ಜಲವರ್ಣ ತಂದವರು ತಮ್ಮ ಚಿತ್ರದ ಮೇಲೆ ಸ್ಪಾಟ್‌ಲೈಟ್ ಕೇಳುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಜಹಾಂಗೀರ್ ಕಟ್ಟಡ 1952ರದು. ಅದರ ಮೊದಲ ಮಹಡಿಯಲ್ಲೇ 1963ರಲ್ಲಿ ಕೆಮೋಲ್ಡ್ ಎಂಬ ಖಾಸಗಿ ಗ್ಯಾಲರಿ ಶುರುವಾಗಿದ್ದು, 2007ರಲ್ಲಿ ಅದು ಫೋರ್ಟಿನ ಪ್ರೆಸ್ಕಾಟ್ ರಸ್ತೆಗೆ ಹೋಯಿತು. ಅಲ್ಲಿಗೂ ಒಮ್ಮೆ ಹೋಗಿ ಬರಬೇಕು. ಖಾಸಗಿ ಗ್ಯಾಲರಿಯವರು ಗೋಡೆಯನ್ನು ಎಷ್ಟು ಖಾಲಿ ಬಿಡುತ್ತಾರೆ ಎಂಬುದನ್ನು ನೋಡುವುದಕ್ಕೆ. ಬಾಡಿಗೆ ಕೊಟ್ಟು ಗೋಡೆ ಪಡೆದ ಕಲಾವಿದರು ಮಾಡುವ ದೊಡ್ಡ ತಪ್ಪು ಗೋಡೆ ತುಂಬಿಸುವುದು. ಕೊಟ್ಟ ಹಣಕ್ಕೆ ಇಂಚಿಂಚೂ ವಸೂಲಾಗಲಿ ಎಂದು ತಂದದ್ದನ್ನೆಲ್ಲ ತೂಗುಹಾಕುತ್ತಾರೆ.

ಲೆಕ್ಕವನ್ನು ಊರಲ್ಲೇ ಮಾಡಿ ತನ್ನಿ. ಗೋಡೆ 24 ಅಡಿ, ಅಂದರೆ 288 ಇಂಚು. 36 ಇಂಚು ಅಗಲದ ಐದು ಚಿತ್ರಕ್ಕೆ 180 ಇಂಚು ಹೋದರೆ ಉಳಿಯುವುದು 108. ಎರಡು ತುದಿ ಸೇರಿ ಆರು ಸಂದು, ತಲಾ 18 ಇಂಚು. ಆರನೆಯ ಚಿತ್ರ ಸೇರಿಸಿದರೆ ಏಳು ಸಂದು, ತಲಾ 10 ಇಂಚಿಗೆ ಸ್ವಲ್ಪ ಹೆಚ್ಚು. ಆಗ ಒಂದರ ಮುಂದೆ ನಿಂತವರ ಕಣ್ಣಿಗೆ ಪಕ್ಕದ್ದೂ ಚುಚ್ಚುತ್ತಿರುತ್ತದೆ. ಎತ್ತರಕ್ಕೆ ಚಿತ್ರದ ಮಧ್ಯಬಿಂದು ನೆಲದಿಂದ 58 ಇಂಚು ಎಂದಿಟ್ಟುಕೊಳ್ಳಿ. ಚಿತ್ರದ ಎತ್ತರ 36 ಇಂಚಾದರೆ ಅದರ ಅರ್ಧ 18 ಕೂಡಿಸಿ. ಬೆನ್ನಿನ ತಂತಿಯನ್ನು ಎಳೆದು ಹಿಡಿದಾಗ ಅದು ಮೇಲಂಚಿನಿಂದ ಎಷ್ಟು ಕೆಳಗಿರುತ್ತದೋ ಅಷ್ಟು, 3 ಇಂಚು ಎನ್ನಿ, ಕಳೆಯಿರಿ. ಕೊಕ್ಕೆ 73 ಇಂಚಿಗೆ. ತಂತಿಯನ್ನು ಸಡಿಲವಾಗಿರುವಾಗ ಅಳೆದರೆ ಭಾರ ಬಿದ್ದಾಗ ಅದು ಮೇಲಕ್ಕೆ ಎಳೆದುಕೊಂಡು, ಚಿತ್ರ ಇಳಿದು, ಸಾಲು ಕೆಡುತ್ತದೆ. ಬೇರೆ ಬೇರೆ ಎತ್ತರದ ಚಿತ್ರಗಳಿದ್ದರೆ ಮಧ್ಯರೇಖೆಯನ್ನು ಒಂದು ಮಾಡಿ, ಮೇಲಂಚನ್ನಲ್ಲ. ರಸಮಟ್ಟ, ಅಳತೆ ಟೇಪು, ಸ್ಕ್ರೂಡ್ರೈವರ್, ಹೆಚ್ಚುವರಿ ಡಿ-ರಿಂಗ್ (ಬೆನ್ನಿನ ತಂತಿ ಕಟ್ಟುವ ಬಳೆ), ಚೌಕಟ್ಟು ತಿಕ್ಕಿದ ಕಡೆ ಮುಟ್ಟಿಸಲು ಬಣ್ಣ ಕೈಚೀಲದಲ್ಲಿರಲಿ, ಪೆಟ್ಟಿಗೆಯಲ್ಲಲ್ಲ. ಗೋಡೆಗೆ ಮೊಳೆ ಹೊಡೆಯಬಹುದೋ, ಮೇಲಿನಿಂದ ದಾರ ಇಳಿಬಿಡಬೇಕೋ ಎಂದು ಗ್ಯಾಲರಿಯವರನ್ನು ಮುಂಚೆಯೇ ಕೇಳಿ. ಎರಡಕ್ಕೂ ಬೇಕಾಗುವ ಸಾಮಾನು ಬೇರೆ.

ಮುಂಬೈಯ ಗಾಳಿಯ ತೇವಕ್ಕೆ ಬಿಗಿಯಾಗಿದ್ದ ಹತ್ತಿಯ ಕ್ಯಾನ್ವಾಸ್ ಸಡಿಲಗೊಂಡು ಮೂಲೆಯಲ್ಲಿ ಅಲೆ ಎದ್ದಂತೆ ಕಾಣಬಹುದು. ಕೂಡಲೇ ಸ್ಟ್ರೆಚರ್‌ನ ಬೆಣೆಗಳನ್ನು ಬಡಿಯಬೇಡಿ. ಹವಾನಿಯಂತ್ರಣದ ಒಣ ಗಾಳಿಯಲ್ಲಿ ಒಂದು ರಾತ್ರಿ ಕಳೆದರೆ ಅದು ಬಹುಪಾಲು ತಾನೇ ಸರಿಯಾಗುತ್ತದೆ. ತೇವದಲ್ಲಿ ಬೆಣೆ ಬಿಗಿ ಮಾಡಿದ ಬಟ್ಟೆ ಬೆಂಗಳೂರಿಗೆ ಮರಳಿ ಒಣಗಿದಾಗ ವಿಪರೀತ ಸೆಳೆದು ಮೂಲೆಯ ಬಣ್ಣ ಬಿರಿಯುತ್ತದೆ. ಮಳೆಗಾಲದ ಸರದಿ ಸಿಕ್ಕವರು ಪ್ಲಾಸ್ಟಿಕ್‌ನೊಳಗೆ ತೇವ ಸಿಕ್ಕಿಬಿದ್ದು ಬೂಷ್ಟು ಹಿಡಿಯದಂತೆ ಪೆಟ್ಟಿಗೆ ತಲುಪಿದ ಕೂಡಲೇ ಬಿಚ್ಚಬೇಕು.

ವಾರದ ಏಳೂ ದಿನ ಚಿತ್ರದ ಪಕ್ಕದಲ್ಲೇ ಕುರ್ಚಿ ಹಾಕಿ ಕೂರುವುದು ವ್ಯರ್ಥ. ಬೆಳಿಗ್ಗೆ ಜನ ವಿರಳವಾಗಿರುವಾಗ ಹೊರಗೆ ಕಾಲುದಾರಿಯಲ್ಲಿ ಚಿತ್ರ ಮಾರುವ ಕಲಾವಿದರ ಬಳಿ ನಿಂತು ನೋಡಿ. ದಾರಿಹೋಕ ಯಾವುದರ ಮುಂದೆ ನಿಲ್ಲುತ್ತಾನೆ, ಬೆಲೆ ಕೇಳುವ ಮುಂಚೆ ಅಳತೆ ಏಕೆ ಕೇಳುತ್ತಾನೆ ಎಂಬುದು ಅಲ್ಲಿ ತಿಳಿಯುತ್ತದೆ. ಇಲ್ಲಿನ ಮನೆಗಳ ಗೋಡೆ ಚಿಕ್ಕದು. ಚಿತ್ರದ ಪಕ್ಕದ ಚೀಟಿಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ ಬರೆಯಿರಿ. ತಿರುವುಮುರುವಾದರೆ ಫೋನಿನಲ್ಲಿ ಕೊಂಡವರ ಗೋಡೆಗೆ ಚಿತ್ರ ಕೂರುವುದಿಲ್ಲ.

ಮಾರಾಟವಾದದ್ದಕ್ಕೆ ಕೆಂಪು ಚುಕ್ಕೆ ಅಂಟಿಸುವುದು ಮುಂಗಡ ಕೈಸೇರಿದ ಮೇಲೆ. ಬಾಯಿಮಾತಿಗೆ ಚುಕ್ಕೆ ಹಚ್ಚಿದರೆ ನಿಜವಾಗಿ ಕೊಳ್ಳುವವರು ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ. ಕೊನೆಯ ಸೋಮವಾರ ಏಳಕ್ಕೆ ಇಳಿಸಲು ಶುರು ಮಾಡಿದರೆ ರಾತ್ರಿ ಪಾರ್ಸೆಲ್ ಕಚೇರಿ ತೆರೆದಿರುವುದು ಅನುಮಾನ. ಪೆಟ್ಟಿಗೆಗಳನ್ನು ಮಂಗಳವಾರದವರೆಗೆ ಇಡಲು ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಊರಿಗೆ ಬಂದ ತೈಲಚಿತ್ರಗಳನ್ನು ಪೆಟ್ಟಿಗೆಯಲ್ಲೇ ತಿಂಗಳುಗಟ್ಟಲೆ ಬಿಡಬೇಡಿ, ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಹಾಗಾಗಿದ್ದರೆ ಕಿಟಕಿಯ ಬೆಳಕಿರುವ ಕೋಣೆಯಲ್ಲಿ, ನೇರ ಬಿಸಿಲು ಬೀಳದಂತೆ, ಕೆಲವು ವಾರ ಗೋಡೆಗೆ ಹಾಕಿ. ಬಿಳಿ ಬಹುಮಟ್ಟಿಗೆ ಮರಳುತ್ತದೆ.