ನಾಲ್ಕು ಹುನ್ ಪೈಪು, ಕಪ್ಪು ತಂತಿ: ಥಾಯ್ಲೆಂಡ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ

ಥಾಯ್ಲೆಂಡ್‌ನಲ್ಲಿ ಮನೆ ಮಾಡಿದವರಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಭಾಷೆಗಿಂತ ಹೆಚ್ಚು ಕೈಕೊಡುವುದು ಅಳತೆ ಮತ್ತು ಬಣ್ಣ. ಕರೆಂಟು ನಮ್ಮದರ ಹಾಗೇ, 50 ಹರ್ಟ್ಸ್, 220–230 ವೋಲ್ಟ್. ನಲ್ಲಿ ಅರ್ಧ ಇಂಚಿನದು, ಪೈಪು ಪಿವಿಸಿ. ಎಲ್ಲ ಗೊತ್ತಿರುವುದೇ ಎಂದು ಧೈರ್ಯವಾಗಿ ತಂದರೆ ಎಲ್ಬೋ ಕೂರುವುದಿಲ್ಲ, ಬಲ್ಬು ಹೋಲ್ಡರಿಗೆ ಹೋಗುವುದಿಲ್ಲ, ನ್ಯೂಟ್ರಲ್ ಅಂದುಕೊಂಡ ತಂತಿಯಲ್ಲಿ ಫೇಸ್ ಇರುತ್ತದೆ. ಪೂರ್ತಿ ಬೇರೆಯಾಗಿದ್ದರೆ ಹುಷಾರಾಗಿರುತ್ತಿದ್ದೆವು. ಮುಕ್ಕಾಲು ಪಾಲು ಒಂದೇ ಆಗಿರುವುದರಿಂದಲೇ ಎಡವುವುದು.

ಮೊದಲು, ಯಾವುದಕ್ಕೆ ಎಲ್ಲಿಗೆ ಹೋಗಬೇಕು ಎಂಬುದು. ಹೋಮ್‌ಪ್ರೊ ಹೆಚ್ಚಾಗಿ ಮಾಲ್‌ಗಳ ಆಸುಪಾಸು ಇರುವ ಎ.ಸಿ. ಅಂಗಡಿ. ಶವರ್, ವಾಟರ್ ಹೀಟರ್, ಫ್ಯಾನ್, ಬೀಗ, ಪರದೆ ಸರಳಿನಂಥ ಸಿದ್ಧ ಸಾಮಾನಿಗೆ ಸರಿ. ತಾಯ್ ವಾತ್ಸದು, ಗ್ಲೋಬಲ್ ಹೌಸ್, ಡೂಹೋಮ್ ಇವು ಗೋದಾಮಿನಂಥವು. ಸಿಮೆಂಟು, ಸರಳು, ತಗಡು, ಪೈಪು, ಟೈಲ್ಸ್ ಎಲ್ಲ ಸಿಗುತ್ತದೆ, ಪಿಕಪ್ ಗಾಡಿ ಒಳಗೇ ಹೋಗುವ ಅಂಗಳವೂ ಇರುತ್ತದೆ. ಟೈಲ್ಸ್ ಮತ್ತು ಸ್ಯಾನಿಟರಿ ಸಾಮಾನಿಗೆ ಮಾತ್ರ ಬುನ್‌ತಾವಾನ್ ನೋಡಬೇಕು. ಬ್ಯಾಂಕಾಕ್‌ನಲ್ಲಾದರೆ ಹಳೆಯ ಪೇಟೆಗಳೂ ಇವೆ: ಕೈಹತ್ಯಾರಿಗೆ ಖ್ಲೋಂಗ್ ತೋಮ್, ಮರಕ್ಕೆ ಬಾಂಗ್ ಪೋ ಬೀದಿ, ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಬಾನ್ ಮೋ. ಬಾನ್ ಮೋ ಇರುವುದು ನಮ್ಮವರು ಬೇಳೆ-ಹಿಟ್ಟು ಕೊಳ್ಳಲು ಹೋಗುವ ಪಾಹುರತ್‌ನ ಪಕ್ಕದಲ್ಲೇ, ಸಾಮ್ ಯೋತ್ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಒಂದೇ ಓಡಾಟದಲ್ಲಿ ಎರಡೂ ಕೆಲಸ ಮುಗಿಯುತ್ತದೆ.

ಆದರೂ ರಿಪೇರಿ ಕೆಲಸಕ್ಕೆ ಬೀದಿಬದಿಯ ಸಣ್ಣ ಅಂಗಡಿಗೆ ಸಮನಾದದ್ದಿಲ್ಲ. ಅದನ್ನು ‘ರಾನ್ ವಾತ್ಸದು’ ಅನ್ನುತ್ತಾರೆ. ಬೆಳಿಗ್ಗೆ ಬೇಗ ತೆರೆದು ಸಂಜೆ ಬೇಗ ಮುಚ್ಚುತ್ತದೆ, ಭಾನುವಾರ ಬಾಗಿಲು ಹಾಕುವವರೇ ಹೆಚ್ಚು. ದೊಡ್ಡ ಅಂಗಡಿಯಲ್ಲಿ ಒಂದು ವಾಷರ್ ಬೇಕೆಂದರೆ ಹತ್ತರ ಪ್ಯಾಕೆಟ್ ಕೊಳ್ಳಬೇಕು. ಇಲ್ಲಿ ಒಂದೇ ಕೊಡುತ್ತಾರೆ, ಮೊಳೆಯನ್ನು ತೂಕಕ್ಕೆ, ತಂತಿಯನ್ನು ಮೀಟರಿಗೆ ಕೊಡುತ್ತಾರೆ. ನಾಲ್ಕು ಮೀಟರ್ ಪೈಪನ್ನು ‘ಖ್ರುಂಗ್ ಸೆನ್’, ಅಂದರೆ ಅರ್ಧ ಉದ್ದ, ಎಂದು ಕೇಳಿದರೆ ಹಲವರು ಕತ್ತರಿಸಿಯೂ ಕೊಡುತ್ತಾರೆ. ಬಿಡಿ ಸಾಮಾನಿಗೆ ಚೌಕಾಸಿ ನಡೆಯುವುದಿಲ್ಲ, ದೊಡ್ಡ ಮೊತ್ತವಾದರೆ ಚಿಲ್ಲರೆ ಬಿಡುತ್ತಾರೆ ಅಷ್ಟೆ. ಅಂಗಡಿಯವರನ್ನು ‘ಪೀ’ ಎಂದು ಕರೆದರೆ ಸಾಕು. ಅಕ್ಕ, ಅಣ್ಣ ಎರಡಕ್ಕೂ ಅದೇ. ಚೀನೀ ಮೂಲದ ಯಜಮಾನಿಯನ್ನು ಸುತ್ತಲಿನವರು ‘ಜೇ’ ಅಂತಲೂ ಯಜಮಾನನನ್ನು ‘ಹಿಯಾ’ ಅಂತಲೂ ಕರೆಯುವುದು ಕಿವಿಗೆ ಬೀಳುತ್ತದೆ. ಪರಿಚಯವಾಗುವ ತನಕ ‘ಪೀ’ಯೇ ಸಲೀಸು.

ಈಗ ಅಳತೆ. ಇಲ್ಲಿನ ಪ್ಲಂಬರು, ಬಡಗಿ, ಕಬ್ಬಿಣದವರು ಎಲ್ಲರೂ ಮಾತಾಡುವುದು ‘ಹುನ್’ ಲೆಕ್ಕದಲ್ಲಿ. ಒಂದು ಹುನ್ ಎಂದರೆ ಇಂಚಿನ ಎಂಟನೇ ಒಂದು ಭಾಗ. ನಮ್ಮ ಬಡಗಿಗಳು ಇದನ್ನೇ ನೂಲು ಅನ್ನುವುದು, ಉತ್ತರ ಕರ್ನಾಟಕದಲ್ಲಿ ಸೂತ. ಹಾಗಾಗಿ ಅರ್ಧ ಇಂಚಿಗೆ ‘ಸೀ ಹುನ್’ (ನಾಲ್ಕು), ಮುಕ್ಕಾಲು ಇಂಚಿಗೆ ‘ಹೊಕ್ ಹುನ್’ (ಆರು). ಇಂಚಿಗೆ ‘ನಿವ್’. ಇಲ್ಲೊಂದು ಗುಂಡಿ ಇದೆ: ‘ನಿವ್ ಸೋಂಗ್’ ಎಂದರೆ ಎರಡು ಇಂಚಲ್ಲ. ಒಂದು ಇಂಚಿನ ಮೇಲೆ ಎರಡು ಹುನ್, ಅಂದರೆ ಒಂದೂಕಾಲು ಇಂಚು. ಎರಡು ಇಂಚು ಬೇಕಾದರೆ ‘ಸೋಂಗ್ ನಿವ್’. ಪದ ಹಿಂದೆ-ಮುಂದೆಯಾದರೆ ಪೈಪೇ ಬೇರೆ. ಒಂದೂವರೆಗೆ ‘ನಿವ್ ಖ್ರುಂಗ್’.

ನೀರಿನ ಪೈಪು ನೀಲಿ ಬಣ್ಣದ್ದು. ಹಳದಿ ಪೈಪು ಕರೆಂಟಿನ ತಂತಿ ಎಳೆಯಲು, ಬಿಳಿಯದೂ ಅದಕ್ಕೇ. ಊರಲ್ಲಿ ಬಿಳಿ ಪೈಪಿನಲ್ಲಿ ನೀರು ಹರಿಸಿ ಅಭ್ಯಾಸವಾದವರು ಬಿಳಿಯದನ್ನೇ ಎತ್ತಿಕೊಂಡು ಬಿಲ್ ಮಾಡಿಸಿಬಿಡುತ್ತಾರೆ. ನೀಲಿ ಪೈಪಿನ ಮೈಮೇಲೆ ಅಳತೆಯ ಜೊತೆ 5, 8.5, 13.5 ಎಂದು ಮುದ್ರಿಸಿರುತ್ತದೆ. ಅದು ಒತ್ತಡದ ದರ್ಜೆ, ಪ್ರತಿ ಚದರ ಸೆಂಟಿಮೀಟರಿಗೆ ಅಷ್ಟು ಕಿಲೊ. ಪಂಪಿನಿಂದ ಬರುವ ಲೈನಿಗೆ 13.5 ಹಾಕಿ, ಮಾಮೂಲಿ ನಲ್ಲಿ ಲೈನಿಗೆ 8.5 ನಡೆಯುತ್ತದೆ. 5 ಬರೀ ಬಚ್ಚಲ ನೀರು ಹೊರಹೋಗಲು. ಮೂರಕ್ಕೂ ಹೊರವ್ಯಾಸ ಒಂದೇ, ಗೋಡೆಯ ದಪ್ಪ ಮಾತ್ರ ಬೇರೆ. ಆದ್ದರಿಂದ ಎಲ್ಬೋ ಯಾವುದಕ್ಕಾದರೂ ಕೂರುತ್ತದೆ, ಮೋಸ ಕಣ್ಣಿಗೆ ಕಾಣುವುದಿಲ್ಲ. ಫಿಟ್ಟಿಂಗ್‌ಗಳಲ್ಲೂ ದಪ್ಪದ್ದು (‘ನಾ’), ತೆಳುವಿನದು (‘ಬಾಂಗ್’) ಎಂದು ಎರಡಿವೆ. ತೆಳುವಿನದು ಡ್ರೈನೇಜಿಗೆ.

ಊರಿಂದ ಫಿಟ್ಟಿಂಗ್ ತರುವ ಯೋಚನೆ ಬಿಡಿ. ಇಲ್ಲಿನ ನಾಲ್ಕು ಹುನ್ ಪೈಪಿನ ಹೊರವ್ಯಾಸ 22 ಮಿ.ಮೀ., ಆರು ಹುನ್‌ನದು 26. ನಮ್ಮ ಅರ್ಧ ಇಂಚಿನ ಯುಪಿವಿಸಿ 21.3, ಸಿಪಿವಿಸಿ ಇನ್ನೂ ಸಣ್ಣ, 15.9. ನೂಕಿದರೆ ಒಂದು ಹೋಗುವುದಿಲ್ಲ, ಇನ್ನೊಂದು ಗಲಗಲ ಅನ್ನುತ್ತದೆ. ಥ್ರೆಡ್ ಮಾತ್ರ ಎರಡೂ ಕಡೆ ಒಂದೇ, ಬಿಎಸ್‌ಪಿ ಎಂಬ ಬ್ರಿಟಿಷ್ ಅಳತೆಯದು. ಹಾಗಾಗಿ ಅರ್ಧ ಇಂಚಿನ ನಲ್ಲಿ, ಶವರ್, ಹೆಲ್ತ್ ಫಾಸೆಟ್ ಊರಿನದಾದರೂ ಹಿಡಿಯುತ್ತದೆ. ಹೆಲ್ತ್ ಫಾಸೆಟ್ ತರುವ ಅಗತ್ಯವೂ ಇಲ್ಲ. ‘ಸಾಯ್ ಛೀತ್ ಛಮ್ರಾ’ ಎಂದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ, ಇವರ ಬಚ್ಚಲಲ್ಲೂ ಅದಿಲ್ಲದೆ ನಡೆಯುವುದಿಲ್ಲ.

ಸೋರುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಗೋಡೆಯೊಳಗಿನ ಪ್ಲಾಸ್ಟಿಕ್ ಫಿಟ್ಟಿಂಗಿಗೆ ಲೋಹದ ನಲ್ಲಿ ತಿರುಗಿಸುವ ಕಡೆ. ನಲ್ಲಿಯ ಥ್ರೆಡ್ ತುದಿಯಿಂದ ಬುಡಕ್ಕೆ ಅಗಲವಾಗುತ್ತ ಹೋಗುತ್ತದೆ. ಇನ್ನೊಂದು ಸುತ್ತು ಬಿಗಿಯೋಣ ಎಂದರೆ ಪ್ಲಾಸ್ಟಿಕ್ ಒಳಗಿಂದ ಬಿರುಕು ಬಿಡುತ್ತದೆ, ಅದೂ ಎರಡು ದಿನ ಕಳೆದ ಮೇಲೆ. ಇದಕ್ಕೇ ಹಿತ್ತಾಳೆ ಬಳೆ ಕೂರಿಸಿದ ಫಿಟ್ಟಿಂಗ್ ಬರುತ್ತದೆ. ‘ಕ್ಲಿಯಾವ್ ನಾಯ್ ತೋಂಗ್ ಲುವಾಂಗ್’ ಎಂದು ಕೇಳಿ. ಕ್ಲಿಯಾವ್ ನಾಯ್ ಎಂದರೆ ಒಳ ಥ್ರೆಡ್, ಕ್ಲಿಯಾವ್ ನೋಕ್ ಎಂದರೆ ಹೊರ ಥ್ರೆಡ್. ಬೆಲೆ ಹೆಚ್ಚಾದರೂ ಗೋಡೆ ಒಡೆಸುವುದಕ್ಕಿಂತ ಅಗ್ಗ. ಟೆಫ್ಲಾನ್ ಟೇಪಿಗೆ ‘ತೇಪ್ ಪನ್ ಕ್ಲಿಯಾವ್’. ತೆಳುವಾದ ಟೇಪಾದರೆ ಎಂಟು-ಹತ್ತು ಸುತ್ತು ಬೇಕು, ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ.

ಪೈಪ್ ಅಂಟಿಸುವ ಸಲ್ಯೂಷನ್ ‘ಕಾವ್ ತಾ ತೋ’. ಡಬ್ಬಿ ತೀರ ಸಣ್ಣದು ಸಾಕು. ಒಮ್ಮೆ ತೆರೆದದ್ದು ಇಲ್ಲಿನ ಸೆಕೆಗೆ ಬೇಗ ಅಂಟಂಟಾಗಿ ಗಟ್ಟಿಯಾಗುತ್ತದೆ, ಅಂಥದ್ದನ್ನು ಬಳಿದರೆ ಜಾಯಿಂಟು ಹಿಡಿಯುವುದಿಲ್ಲ. ಪೈಪನ್ನು ನೇರ ಕತ್ತರಿಸಿ, ಅಂಚಿನ ಚೂರು ಕೆರೆದು, ಎರಡನ್ನೂ ಒರೆಸಿ ಒಣಗಿಸಿ, ಎರಡಕ್ಕೂ ತೆಳುವಾಗಿ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳ ಮುಟ್ಟುವ ತನಕ ನೂಕಿ. ಅರ್ಧ ನಿಮಿಷ ಹಾಗೇ ಹಿಡಿದಿರಿ. ಫಿಟ್ಟಿಂಗಿನ ಬಾಯಿ ಒಳಗೆ ಕಿರಿದಾಗುವುದರಿಂದ ಬಿಟ್ಟ ಕೂಡಲೇ ಪೈಪು ಹಿಂದಕ್ಕೆ ಜಾರುತ್ತದೆ.

ಕರೆಂಟಿನ ಸಾಮಾನು ಕೊಳ್ಳುವ ಮೊದಲು ಮನೆಯ ವಯಸ್ಸು ತಿಳಿಯಬೇಕು. ಊರಿನ ಹಳೇ ರೂಢಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಥಾಯ್ಲೆಂಡ್‌ನ ಹಳೆಯ ಮನೆಗಳಲ್ಲಿ ಕಪ್ಪೇ ಫೇಸ್, ತಿಳಿಬೂದು ಅಥವಾ ಬಿಳಿ ನ್ಯೂಟ್ರಲ್. 2010ರ ಮಾನದಂಡದ ನಂತರ ಬಂದ ತಂತಿಯಲ್ಲಿ ಕಂದು ಫೇಸ್, ತಿಳಿನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಇನ್ನೂ ತಲೆ ತಿನ್ನುವುದು ಹಳೆಯ ಮೂರು ಫೇಸ್ ಮನೆ: ಅಲ್ಲಿ ನೀಲಿಯೂ ಒಂದು ಫೇಸ್. ಹೊಸ ಭಾಗ ಸೇರಿಸಿದ ಹಳೆ ಮನೆಯಲ್ಲಿ ಎರಡೂ ಪದ್ಧತಿ ಒಂದೇ ಬೋರ್ಡಿನ ಹಿಂದೆ ಕೂತಿರುತ್ತವೆ. ಬಣ್ಣ ನಂಬಿ ಕೈ ಹಾಕಬೇಡಿ. ಟೆಸ್ಟರು, ಅಂದರೆ ‘ಖಾಯ್ ಖುವಾಂಗ್ ವತ್ ಫಾಯ್’, ಮೊದಲು ಕೊಳ್ಳಬೇಕಾದ ಸಾಮಾನು.

ಸಾಕೆಟ್ಟಿಗೆ ಚಪ್ಪಟೆ ಪಿನ್ನೂ ಹೋಗುತ್ತದೆ, ದುಂಡು ಪಿನ್ನೂ ಹೋಗುತ್ತದೆ. ಊರಿನ ಎರಡು ಪಿನ್ನಿನ ಚಾರ್ಜರಿಗೆ ತೊಂದರೆಯಿಲ್ಲ. ಮಿಕ್ಸಿಯ ಮೂರು ಪಿನ್ನು ಮಾತ್ರ ಹೋಗದು. ಮಿಕ್ಸಿ ಇಲ್ಲಿನ ಕರೆಂಟಿಗೆ ಚೆನ್ನಾಗಿ ಓಡುತ್ತದೆ. ಅದಕ್ಕೆ ಹಗುರ ಅಡಾಪ್ಟರ್ ಸಿಕ್ಕಿಸುವ ಬದಲು ಪ್ಲಗ್ಗನ್ನೇ ಕತ್ತರಿಸಿ ಇಲ್ಲಿನ ಮೂರು ದುಂಡು ಪಿನ್ನಿನ ಪ್ಲಗ್ ಹಾಕಿಸಿ. ಅದರ ಮೇಲೆ 166-2549 ಎಂಬ ಸಂಖ್ಯೆ ಇರಬೇಕು. ಎಕ್ಸ್‌ಟೆನ್ಷನ್ ಬೋರ್ಡಾದರೆ 2432-2555 ನೋಡಿ. 2018ರಿಂದ ಅದು ಕಡ್ಡಾಯ, ಆದರೂ ಸಂತೆಯಲ್ಲಿ, ಆನ್‌ಲೈನಿನಲ್ಲಿ ಅದಿಲ್ಲದ ಅಗ್ಗದ ಬೋರ್ಡುಗಳು ತೇಲಾಡುತ್ತಿವೆ. ಈ ಗುರುತನ್ನು ಇಲ್ಲಿನವರು ‘ಮೊ-ಒ-ಕೊ’ ಅನ್ನುತ್ತಾರೆ, ನಮ್ಮ ಐಎಸ್‌ಐ ಮಾರ್ಕ್ ಇದ್ದಂತೆ.

ಮೂರನೇ ತೂತು ಇದೆ ಎಂದ ಮಾತ್ರಕ್ಕೆ ಅರ್ತಿಂಗ್ ಇದೆ ಎಂದಲ್ಲ. ಹಳೆ ಮನೆಗಳಲ್ಲಿ ಸಾಕೆಟ್ ಹೊಸದು ಹಾಕಿ ಹಿಂದೆ ಎರಡೇ ತಂತಿ ಬಿಟ್ಟಿರುತ್ತಾರೆ. ಟೆಸ್ಟರಿನಿಂದ ಇದು ತಿಳಿಯುವುದಿಲ್ಲ, ಮೂರು ದೀಪದ ಸಾಕೆಟ್ ಟೆಸ್ಟರ್ ಬೇಕು. ಇದು ಜೀವದ ಪ್ರಶ್ನೆಯಾಗುವುದು ಬಚ್ಚಲಲ್ಲಿ. ನಮ್ಮ ಹಾಗೆ ನೀರು ತುಂಬಿಟ್ಟು ಕಾಯಿಸುವ ಗೀಸರ್ ಇಲ್ಲಿ ಕಡಿಮೆ. ತಲೆಯ ಪಕ್ಕದಲ್ಲೇ ಕೂತು ಹರಿಯುವ ನೀರನ್ನು ಕಾಯಿಸುವ ಡಬ್ಬಿಯೇ ಎಲ್ಲೆಡೆ, 3500, 4500, 6000 ವ್ಯಾಟಿನವು. ಅಂದರೆ ಸುಮಾರು 16, 20, 27 ಆಂಪಿಯರ್. 4500ಕ್ಕೆ 4 ಚದರ ಮಿ.ಮೀ., 6000ಕ್ಕೆ 6 ಚದರ ಮಿ.ಮೀ. ತಂತಿ, ಪ್ಯಾನೆಲಿನಿಂದ ನೇರ ಪ್ರತ್ಯೇಕ ಬ್ರೇಕರ್, ಜೊತೆಗೆ ಸರಿಯಾದ ಅರ್ತ್. ಸಾಕೆಟ್ಟಿಗೆ ಪ್ಲಗ್ ಹಾಕಿ ಓಡಿಸುವ ಮಾತೇ ಇಲ್ಲ. ಅರ್ತ್ ರಾಡ್ ತಾಮ್ರ ಲೇಪದ 2.4 ಮೀಟರಿನದು ತನ್ನಿ, ಅರ್ಧಕ್ಕೆ ಕತ್ತರಿಸಿ ಹುಗಿದದ್ದು ಲೆಕ್ಕಕ್ಕಿಲ್ಲ. ಬಾಡಿಗೆ ಮನೆಯಾದರೆ ಹೀಟರಿನ ಟೆಸ್ಟ್ ಬಟನ್ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಮಾಲೀಕರಿಗೆ ಹೇಳಿ ಸರಿಮಾಡಿಸುವ ತನಕ ತಣ್ಣೀರೇ ಸರಿ.

ಬ್ರೇಕರ್ ಕೊಳ್ಳುವಾಗ ಹಳೆಯದರ ಫೋಟೊ ಒಯ್ಯಿರಿ. ಇಲ್ಲಿ ಪಟ್ಟಿಗೆ ಸಿಕ್ಕಿಸುವ ನಮ್ಮ ಬಗೆಯದೂ ಇದೆ, ಬಸ್‌ಬಾರಿಗೆ (ಪೆಟ್ಟಿಗೆಯೊಳಗೆ ಕರೆಂಟು ಹಂಚುವ ಲೋಹದ ಪಟ್ಟಿಗೆ) ನೇರ ಒತ್ತಿ ಕೂರಿಸುವ ಪ್ಲಗ್-ಆನ್ ಬಗೆಯದೂ ಇದೆ. ಒಂದು ಇನ್ನೊಂದರ ಪೆಟ್ಟಿಗೆಗೆ ಆಗದು. ಸ್ವಿಚ್ ಪೆಟ್ಟಿಗೆ ಸಾಮಾನ್ಯವಾಗಿ 2×4 ಇಂಚಿನದು, ಆದರೆ ಒಳಗಿನ ಸ್ವಿಚ್ಚು ಬ್ರಾಂಡಿನಿಂದ ಬ್ರಾಂಡಿಗೆ ಹೊಂದದಿರಬಹುದು, ಆದ್ದರಿಂದ ಹಳೆ ಸ್ವಿಚ್ಚನ್ನೇ ಕಳಚಿ ಒಯ್ಯುವುದು ಒಳ್ಳೆಯದು. ಬಲ್ಬು ತಿರುಪಿನ ಇ27. ಊರಿನ ಎರಡು ಕೊಕ್ಕೆಯ ಬಲ್ಬನ್ನು ಸೂಟ್‌ಕೇಸಿನಲ್ಲಿ ಹೊತ್ತು ತರಬೇಡಿ.

ಗೋಡೆಗೆ ಏನಾದರೂ ಹೊಡೆಯುವ ಮೊದಲು ತಟ್ಟಿ ನೋಡಿ. ಹೊಸ ಮನೆಗಳು ಬಹಳಷ್ಟು ಹಗುರ ಬ್ಲಾಕಿನವು, ಮಾಮೂಲಿ ಪ್ಲಾಸ್ಟಿಕ್ ಪ್ಲಗ್ (‘ಪುಕ್’) ಅದರಲ್ಲಿ ಸುಮ್ಮನೆ ತಿರುಗುತ್ತದೆ. ‘ಪುಕ್ ಇತ್ ಮುವನ್ ಬಾವ್’ ಎಂದರೆ ಆ ಬ್ಲಾಕಿನದೇ ಕೊಡುತ್ತಾರೆ. ಹ್ಯಾಮರ್ ಬೇಡ, ಬರೀ ಡ್ರಿಲ್ಲಿನಲ್ಲಿ ಕೊರೆಯಿರಿ. ಕಾಂಡೊ ಆದರೆ ಕೊರೆಯುವ ಮೊದಲು ಕಟ್ಟಡದ ಆಫೀಸಿಗೆ ಹೇಳಿ, ಸದ್ದಿನ ಕೆಲಸಕ್ಕೆ ದಿನ-ಹೊತ್ತು ನಿಗದಿ ಮಾಡಿರುತ್ತಾರೆ.

ಮನೆ ಕಟ್ಟುವವರಿಗೆ ಎರಡು ಮಾತು. ಸಿಮೆಂಟಿನಲ್ಲಿ ಆನೆ ಗುರುತಿನದು ಪಿಲ್ಲರ್-ಮೋಲ್ಡಿಗೆ ಎಂದೂ ಹುಲಿ ಗುರುತಿನದು ಇಟ್ಟಿಗೆ ಕೆಲಸ, ಗಾರೆಗೆ ಎಂದೂ ಇಲ್ಲಿನ ಮೇಸ್ತ್ರಿಗಳ ಬಾಯಲ್ಲಿ ರೂಢಿ. ಮೂಟೆ ಎಲ್ಲವೂ 50 ಕಿಲೊ ಅಲ್ಲ, ಓದಿ ಲೆಕ್ಕ ಹಾಕಿ. ಮರಳು-ಜಲ್ಲಿ ‘ಖಿಯು’ ಲೆಕ್ಕ, ಒಂದು ಖಿಯು ಎಂದರೆ ಒಂದು ಘನ ಮೀಟರ್, ಸುಮಾರು 35 ಘನ ಅಡಿ. ನಮ್ಮ ನೂರು ಘನ ಅಡಿಯ ಯೂನಿಟ್ಟು ಮೂರು ಖಿಯುಗಿಂತ ಚೂರು ಕಡಿಮೆಯಾಯಿತು. ಕಬ್ಬಿಣದ ಸರಳಿನಲ್ಲಿ ‘ತೆಮ್’ (ಪೂರ್ತಿ) ಮತ್ತು ‘ಬಾವ್’ (ಹಗುರ) ಎಂದು ಎರಡು ಬಗೆ ಇದ್ದು, ಅಗ್ಗಕ್ಕೆ ಹೇಳಿದ್ದು ಎರಡನೆಯದು. ಅನುಮಾನ ಬಂದರೆ ತೂಗಿಸಿ: 12 ಮಿ.ಮೀ.ಯ ಏಣುಸರಳು 10 ಮೀಟರಿಗೆ 8.88 ಕಿಲೊ ಬರಬೇಕು.

ಸಿಲಿಕೋನ್, ಸಲ್ಯೂಷನ್, ಎಪಾಕ್ಸಿ ಕೊಳ್ಳುವಾಗ ತಾರೀಕು ನೋಡಿ. ಇಲ್ಲಿನ ಬೌದ್ಧ ವರ್ಷ ನಮ್ಮದಕ್ಕಿಂತ 543 ಹೆಚ್ಚು. ಟ್ಯೂಬಿನ ಮೇಲೆ 03/69 ಎಂದಿದ್ದರೆ ಅದು 2569, ಅಂದರೆ 2026ರ ಮಾರ್ಚ್. ಕೆಲವು ಕಂಪನಿ ಇಂಗ್ಲಿಷ್ ವರ್ಷವನ್ನೇ ಹಾಕುತ್ತವೆ, 26 ಎಂದಿದ್ದರೂ ಅದೇ ವರ್ಷ. ಅವಧಿ ಮುಗಿದ ಸಿಲಿಕೋನ್ ಹಚ್ಚುವಾಗ ಚೆನ್ನಾಗಿಯೇ ಬರುತ್ತದೆ, ವಾರವಾದರೂ ಗಟ್ಟಿಯಾಗುವುದಿಲ್ಲ, ಕೆರೆದು ತೆಗೆಯುವುದು ಹಚ್ಚಿದ್ದಕ್ಕಿಂತ ದೊಡ್ಡ ಕೆಲಸ.

ದೊಡ್ಡ ಅಂಗಡಿಗಳು ಬಿಲ್ಲಿದ್ದರೆ ಬಳಸದ ಸಾಮಾನು ಬದಲಿಸಿಕೊಡುತ್ತವೆ. ಕತ್ತರಿಸಿದ ಪೈಪು, ತಂತಿ, ಬಣ್ಣ ಬೆರೆಸಿಕೊಟ್ಟ ಪೇಂಟು ಮಾತ್ರ ವಾಪಸ್ ಇಲ್ಲ. ಕಂಪನಿಯವರು ಹಣ ಕೊಡುವುದಿದ್ದರೆ ಮಾಮೂಲಿ ರಸೀದಿ (‘ಬಾಯ್ ಸೆತ್’) ಸಾಲದು. ಶೇ 7ರ ವ್ಯಾಟ್ ತೋರಿಸುವ ಪೂರ್ಣ ತೆರಿಗೆ ಬಿಲ್ಲು, ‘ಬಾಯ್ ಕಮ್‌ಕಪ್ ಪಾಸೀ’, ಬೇಕು. ಅದರಲ್ಲಿ ಕಂಪನಿಯ ಹೆಸರು, ವಿಳಾಸ ಮತ್ತು 13 ಅಂಕಿಯ ತೆರಿಗೆ ಸಂಖ್ಯೆ ಬರಬೇಕಾಗುವುದರಿಂದ ಮೊದಲೇ ಥಾಯ್ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಜೇಬಿನಲ್ಲಿಟ್ಟುಕೊಂಡು, ಹಣ ಕೊಡುವ ಮೊದಲೇ ಕೌಂಟರಿನಲ್ಲಿ ತೋರಿಸಿ.