ಪಕ್ಕದ ಮರಕ್ಕೆ ಹೇಗೆ ಹೋಗ್ತದೆ?

"ಹತ್ತೋದೇನೋ ಹತ್ತಿತು ತಮ್ಮಾ. ಪಕ್ಕದ ಮರಕ್ಕೆ ಹೇಗೆ ಹೋಗ್ತದೆ?"

ಭಾನುವಾರ ಸಾಗರದ ಹತ್ತಿರದ ಅಡಿಕೆ ತೋಟವೊಂದರಲ್ಲಿ ಕೊನೆಗಾರರೊಬ್ಬರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು, ಕೇಳಿದ ಮಾತಿದು. ವಾರವಿಡೀ ಕಿವಿಯಲ್ಲೇ ಇದೆ.

ನಮ್ಮದು ಮೆಕ್ಯಾನಿಕಲ್ ಕೊನೆಯ ವರ್ಷದ ಪ್ರಾಜೆಕ್ಟ್. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ರೋಬೋ. ಮೂರು ರಬ್ಬರ್ ಚಕ್ರ, ಅವನ್ನು ಕಾಂಡಕ್ಕೆ ಒತ್ತಿ ಹಿಡಿಯುವ ಸ್ಪ್ರಿಂಗು, ಗೇರ್ ಮೋಟಾರು, ಬ್ಯಾಟರಿ. ಲ್ಯಾಬಿನ ಪಿವಿಸಿ ಪೈಪ್ ಮೇಲೆ ಸರಾಗವಾಗಿ ಓಡುತ್ತಿತ್ತು. ತೋಟದಲ್ಲಿ ಹಿಂದಿನ ರಾತ್ರಿ ಮಳೆ ಬಂದಿತ್ತು. ಪಾಚಿ ಹಿಡಿದ ಮಗ್ಗುಲಲ್ಲಿ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿತು. ಘರ್ಷಣೆ ಅರ್ಧಕ್ಕೆ ಇಳಿದರೆ ಅದೇ ಹಿಡಿತಕ್ಕೆ ಎರಡರಷ್ಟು ಒತ್ತಬೇಕು. ಜಾಸ್ತಿ ಒತ್ತಿದರೆ ಕಾಂಡಕ್ಕೆ ಗಾಯ. ಸ್ಪ್ರಿಂಗನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋದೆವು. ಅಂತೂ ಮೇಲಿನವರೆಗೆ ಏರಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವರು ಕೇಳಿದ್ದು ಆಗ.

ಯಂತ್ರ ಕೆಳಗಿಳಿಸಿ, ಬೋಲ್ಟ್ ಬಿಚ್ಚಿ, ಇಬ್ಬರು ಹೊತ್ತೊಯ್ದು, ಮತ್ತೆ ಕಟ್ಟಿ ತೋರಿಸಿದೆವು. ಅವರು ಸುಮ್ನೆ ನೋಡಿದರು. ಆಮೇಲೆ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ತಾವೇ ಹತ್ತಿದರು. ತುದಿಯಲ್ಲಿ ಮೈ ತೂಗಿ ಮರವನ್ನೇ ಬಾಗಿಸಿದರು. ಕೈ ಪಕ್ಕದ ಮರವನ್ನು ಹಿಡಿಯಿತು. ಕಾಲು ದಾಟಿತು. ಬಿಟ್ಟ ಮರ ಸೆಟೆದು ನಿಂತು ಇನ್ನೂ ಅಲ್ಲಾಡುತ್ತಿತ್ತು. ನೆಲಕ್ಕೆ ಇಳಿಯಲೇ ಇಲ್ಲ.

ಅಡಿಕೆಯನ್ನು ಸಾಮಾನ್ಯವಾಗಿ 2.7 ಮೀಟರ್ ಅಂತರದಲ್ಲಿ ನೆಡುತ್ತಾರೆ. ಅಂದರೆ ಎಕರೆಗೆ ಸುಮಾರು 550 ಮರ. ಕಾಯಿ ಕೊಳೆತು ಉದುರುವ ಕೊಳೆರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ ಹೊಡೆಯಬೇಕು. ಮಳೆಯ ನಡುವೆ ಹೊಳವಾದಾಗ ಇನ್ನೊಮ್ಮೆ. ಆ ಸ್ವಲ್ಪ ಹೊತ್ತಿನಲ್ಲಿ ಮರಮರಕ್ಕೂ ಬೋಲ್ಟ್ ಬಿಚ್ಚಿ ಕಟ್ಟುತ್ತಾ ಕೂರೋಕಾಗುತ್ತಾ? ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದನೆಯ ಕೋಲು, ಕಾರ್ಬನ್ ಫೈಬರ್ ದೋಟಿ, ಮಲೆನಾಡಿನಲ್ಲಿ ಇಷ್ಟು ಬೇಗ ಹಬ್ಬಿದ್ದು ಯಾಕೆ ಅಂತ ನನಗೆ ಹೊಳೆದದ್ದೂ ಅಲ್ಲೇ. ದೋಟಿ ಹಿಡಿದವರು ನಾಲ್ಕು ಹೆಜ್ಜೆ ಹಾಕಿದರೆ ಮುಂದಿನ ಮರ.

ನಾವು ಓದಿದ ಪೇಪರುಗಳಲ್ಲೆಲ್ಲ ಹತ್ತುವ ವೇಗದ್ದೇ ಲೆಕ್ಕ. ಕಾಲೇಜಿನ ರಿವ್ಯೂನಲ್ಲೂ ಅದನ್ನೇ ಕೇಳಿದರು. ಒಬ್ಬರಂತೂ ಶೀರ್ಷಿಕೆಗೆ ‘ಎಐ’ ಸೇರಿಸಿ, ಚೆನ್ನಾಗಿ ಕಾಣುತ್ತೆ ಅಂದರು. ನನಗೆ ಈಗಲೂ ಸಿಟ್ಟಿದೆ. ನಮ್ಮ ಗೈಡ್ ಹಾಗಲ್ಲ, ನಿಜಕ್ಕೂ ಒಳ್ಳೆಯವರು. ನಮಗೋಸ್ಕರ ಸಂಜೆ ತಡವಾಗಿಯೂ ವರ್ಕ್‌ಶಾಪ್ ತೆರೆದಿಡುತ್ತಾರೆ. ಆದರೆ ಅವರೂ ತೋಟಕ್ಕೆ ಬಂದವರಲ್ಲ.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ (ಕೆಎಸ್‌ಸಿಎಸ್‌ಟಿ) ಪ್ರತಿವರ್ಷ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ದುಡ್ಡು ಕೊಡುತ್ತದೆ. ಅದಕ್ಕೆ ಅರ್ಜಿ ಬರೆಯುವ ಮೊದಲೇ ಹುಡುಗರನ್ನು ತೋಟಕ್ಕೆ, ಗದ್ದೆಗೆ, ಗ್ಯಾರೇಜಿಗೆ ಕಳಿಸಬೇಕು ಅಲ್ವಾ? ಸಮಸ್ಯೆ ಏನು ಅಂತ ಲೈಬ್ರರಿಯಲ್ಲಿ ಕೂತು ತೀರ್ಮಾನ ಮಾಡುವ ಪದ್ಧತಿ ನಿಲ್ಲಬೇಕು. ಮೂವತ್ತು ವರ್ಷ ಮರ ಹತ್ತಿದವರು ಕೇಳುವ ಪ್ರಶ್ನೆಗೆ ಮಾರ್ಕ್ಸ್ ಪಟ್ಟಿಯಲ್ಲಿ ಒಂದು ಕಾಲಮ್ಮೂ ಇಲ್ಲ.

ಪ್ರಾಜೆಕ್ಟಿನ ಉದ್ದೇಶವನ್ನು ತಿದ್ದಿ ಬರೆದಿದ್ದೇವೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗಲು ಬೇಕಾಗುವ ಸಮಯವೇ ಈಗ ಮೊದಲ ಸಾಲು. ಬೋಲ್ಟ್ ಬದಲು ಒಂದೇ ಏಟಿಗೆ ಬಿಚ್ಚಿಕೊಳ್ಳುವ ಕ್ಲಾಂಪ್ ಮಾಡುತ್ತಿದ್ದೇವೆ. ವೈವಾ ದಿನ ಆ ಕೊನೆಗಾರರನ್ನೂ ಕರೆಸೋಣ, ಪ್ರಶ್ನೆ ಅವರೂ ಕೇಳಲಿ ಅಂತ ಗೈಡ್‌ಗೆ ಹೇಳಿದ್ದೇನೆ. ಅವರಿನ್ನೂ ಹೂಂ ಅಂದಿಲ್ಲ.